ಮಂಗಳೂರಿಗೆ ಸೇರಿದ್ದ ದ್ವೀಪಗಳು

ಪರಿಗಿಯ ಮಕ್ಕಳಿಗೆ ಮೀನುಗಾರಿಕೆಯೆಂದರೆ ಕೆರೆಯ ಮೀನುಗಾರಿಕೆ; ಕಡಲು ದೂರದ ಮಾತು. ಆದರೆ ಹಿಂದೂಪುರ ಸೀಮೆಯು ಮದರಾಸು ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ, ಅದೇ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಅರಬ್ಬೀ ಸಮುದ್ರದ ಐದು ದ್ವೀಪಗಳಿದ್ದವು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರಾ ಎಂಬ ಇವೇ ಅಮಿನದೀವಿ ದ್ವೀಪಗಳು.

ಹದಿನೆಂಟನೆಯ ಶತಮಾನದಲ್ಲಿ ಇವು ಕಣ್ಣೂರಿನ ಅರಕ್ಕಲ್ ಮನೆತನದ ವಶದಲ್ಲಿದ್ದವು. ಆ ಆಡಳಿತದ ಕಿರುಕುಳವನ್ನು ತಾಳಲಾರದೆ ಅಮಿನಿಯ ಜನರು ಮಂಗಳೂರಿನಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ಸುಲ್ತಾನನು ಐದು ದ್ವೀಪಗಳನ್ನು ತನ್ನ ಆಡಳಿತಕ್ಕೆ ತೆಗೆದುಕೊಂಡನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅವು ಇಂಗ್ಲಿಷರ ಕೈಸೇರಿ, ಮಂಗಳೂರಿನ ಕಲೆಕ್ಟರರ ಅಧೀನಕ್ಕೆ ಬಂದವು.

ದ್ವೀಪದವರ ಮನೆಮಾತು ಕನ್ನಡವಲ್ಲ. ಮಲಯಾಳದ ಒಂದು ರೂಪವಾದ ಜೆಸರಿ. ಆದರೂ ಒಂದೂವರೆ ಶತಮಾನ ಅವರ ಅಹವಾಲುಗಳು ತಲಪುತ್ತಿದ್ದುದು ಮಂಗಳೂರಿಗೆ. ಮೀನು ಮತ್ತು ತೆಂಗು ಅವರ ಬದುಕಿನ ಎರಡು ಆಧಾರಗಳು. ಭತ್ತ ಬೆಳೆಯದ ಆ ನೆಲಕ್ಕೆ ಅಕ್ಕಿ ಬರಬೇಕಾದರೆ ತೆಂಗಿನ ನಾರಿನ ಹುರಿಯನ್ನು ಓಡಂ ಎಂಬ ಹಾಯಿಹಡಗುಗಳಲ್ಲಿ ದಡಕ್ಕೆ ಸಾಗಿಸಬೇಕಾಗಿತ್ತು. ಮಳೆಗಾಲದಲ್ಲಿ ಆ ದಾರಿಯೂ ಮುಚ್ಚುತ್ತಿತ್ತು.

ಇವುಗಳಲ್ಲಿ ಅತಿ ಚಿಕ್ಕದು ಬಿತ್ರಾ. ನೆಲ ಸುಮಾರು 0.1 ಚದರ ಕಿಲೋಮೀಟರು. ಸುತ್ತಣ ಹವಳದ ದಿಬ್ಬಗಳ ನಡುವಿನ ಶಾಂತ ನೀರು ಸುಮಾರು 45 ಚದರ ಕಿಲೋಮೀಟರು. ಬಹುಕಾಲ ಅಲ್ಲಿ ಯಾರೂ ನೆಲೆಸಿರಲಿಲ್ಲ. ನೆರೆಯ ದ್ವೀಪದವರು ಮೀನು ಹಿಡಿಯಲು ಬಂದು ಹೋಗುತ್ತಿದ್ದರು. 1945ರ ಸುಮಾರಿಗೆ ಚೆತ್ಲತ್‌ನ ವೃದ್ಧೆಯೊಬ್ಬಳು ಮಗನೊಡನೆ ಬಂದು ಮೊದಲು ನೆಲೆನಿಂತಳು. 2011ರ ಜನಗಣತಿಯಲ್ಲಿ ಅಲ್ಲಿದ್ದವರು 271 ಮಂದಿ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೂ ಕಾಸರಗೋಡು ಕೇರಳಕ್ಕೂ ಸೇರಿದವು. ದ್ವೀಪಗಳು ಕೇಂದ್ರಾಡಳಿತ ಪ್ರದೇಶವಾದವು. ಹಿಂದೂಪುರ ಸೀಮೆಯು ಅದಕ್ಕೂ ಮೊದಲು, 1953ರಲ್ಲಿಯೇ, ಆಂಧ್ರ ರಾಜ್ಯದ ಪಾಲಾಗಿತ್ತು.

2025ರ ಜುಲೈನಲ್ಲಿ ಬಿತ್ರಾದ ಸಮಸ್ತ ಭೂಮಿಯನ್ನು ರಕ್ಷಣಾ ಉದ್ದೇಶಕ್ಕೆ ಪಡೆಯುವ ಪ್ರಸ್ತಾಪ ಪ್ರಕಟವಾಯಿತು. ದ್ವೀಪದವರು ವಿರೋಧಿಸಿದರು. ದೇಶದ ಭದ್ರತೆ ಹಗುರವಾದ ವಿಷಯವಲ್ಲ. ಒಂದು ಊರು ಇಡಿಯಾಗಿ ಏಳುವುದೂ ಹಗುರವಾದ ವಿಷಯವಲ್ಲ. ಇಂತಹ ಸಂದರ್ಭಕ್ಕಾಗಿಯೇ 2013ರ ಭೂಸ್ವಾಧೀನ ಕಾಯಿದೆ ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಸಾರ್ವಜನಿಕ ವಿಚಾರಣೆಯನ್ನೂ ವಿಧಿಸಿದೆ. ಅದರ 3ನೆಯ ಕಲಮು ‘ಬಾಧಿತ ಕುಟುಂಬ’ವೆಂದರೆ ಭೂಮಾಲೀಕರು ಮಾತ್ರವೆಂದು ಹೇಳುವುದಿಲ್ಲ, ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಮುಖ್ಯವಾಗಿ ಜಲಮೂಲವನ್ನೇ ನಂಬಿ ಬದುಕಿದ ಮೀನುಗಾರರನ್ನೂ ದೋಣಿಯವರನ್ನೂ ಸೇರಿಸುತ್ತದೆ.

ಹಕ್ಕುಪತ್ರವಿಲ್ಲದವನಿಗೂ ಹಕ್ಕುಂಟೆಂಬ ಈ ಮಾತು ಬಿತ್ರಾಕ್ಕೆ ಅನ್ವಯಿಸುವಂತೆಯೇ ಪರಿಗಿಯ ಕೆರೆಯಲ್ಲಿ ಬಲೆ ಬೀಸುವ ಮನೆಗಳಿಗೂ ಅನ್ವಯಿಸುತ್ತದೆ. ಶಾಲೆಯ ಮಕ್ಕಳು ಇದನ್ನು ಓದಿ ಹಿರಿಯರಿಗೆ ತಿಳಿಸಿದರೆ ಅಷ್ಟರಮಟ್ಟಿಗೆ ಕಾಯಿದೆ ಊರಿಗೆ ತಲಪಿದಂತಾಗುತ್ತದೆ.