ಗುಳೆ ಹೋಗಿ ಬಂದ ಮಕ್ಕಳೂ, ಸಾಲಿ ಅಕ್ಕೋರೂ

ಮುಂಡರಗಿ, ಶಿರಹಟ್ಟಿ ಕಡೆ ತಾಂಡಾದ ಮಂದಿ ಸುಗ್ಗಿ ಇಲ್ಲದ ವರ್ಷ ಗೋವಾ, ಮಂಗಳೂರು, ಕಾಫಿ ತ್ವಾಟ, ಕಬ್ಬಿನ ಗದ್ದಿ ಅಂತ ಗಂಟು ಕಟ್ಟತಾರ. ಮನ್ಯಾಗ ಮುದುಕ್ರು ಇದ್ರ ಮಕ್ಕಳು ಉಳೀತಾವು, ಇಲ್ಲಂದ್ರ ಅವೂ ಹೊಂಟ್ವು. ತಿರುಗಿ ಬರೂದ್ರಾಗ ಪರೀಕ್ಷಾ ಬಂದಿರ್ತಾವು. “ಆ ಮಕ್ಕಳ ತಲಿಗೆ ಏನೂ ಹತ್ತೂದಿಲ್ಲ ಬಿಡ್ರಿ” ಅಂತಾರ ಭಾಳ ಮಂದಿ. ನನಗ ಈ ಮಾತು ಸೇರೂದಿಲ್ಲ.

ಆ ಕೂಸು ಮನ್ಯಾಗ ಲಂಬಾಣಿ ಮಾತಾಡ್ತೈತಿ. ಅವ್ವಗ ಯಾಡಿ, ರೊಟ್ಟಿಗೆ ಬಾಟಿ. ಗೋವಾದಾಗಿದ್ದು ಹಿಂದಿ, ಕೊಂಕಣಿ ಕಲ್ತು ಬರ್ತೈತಿ. ಎಷ್ಟು ಬುಟ್ಟಿ ಉಸುಕಿಗೆ ಎಷ್ಟು ಸಿಮೆಂಟ ಅನ್ನೂದು ಬಾಯಿಪಾಠ. ಸಾಲ್ಯಾಗ ಮಾತ್ರ ದಡ್ಡ!

ನಮ್ಮ ಬಳಗದಾಗ ಒಬ್ರು ಅಕ್ಕೋರು ತಾಂಡಾ ಸಾಲ್ಯಾಗ ಭಾಳ ವರ್ಷ ಕಲಿಸ್ಯಾರ. ತಿರುಗಿ ಬಂದ ಮಕ್ಕಳಿಗೆ ಮೊದಲ ದಿನ ಅವರು ಪಾಠಾನ ಕೇಳೂದಿಲ್ಲ. ಎಲ್ಲಿದ್ರಿ, ಸಮುದ್ರ ನೋಡಿದ್ರೇನು, ಅಲ್ಲಿ ಮೀನಕ್ಕ ಏನಂತಾರ ಅಂತ ಕೇಳಿ, ಆ ಮಾತನ್ನ ಕನ್ನಡ ಅಕ್ಷರದಾಗ ಬೋರ್ಡಿನ ಮ್ಯಾಲ ಬರಸ್ತಾರ. ಹಿಂದ ಕುಂದ್ರಸೂದಿಲ್ಲ, ಹಳೇ ಗೆಳತಿ ಬಾಜೂಕ ಕುಂದ್ರಸ್ತಾರ. ಹೋಗೂಮುಂದ ತಾಯಂದಿರನ್ನ ಕಂಡು, ಪುಸ್ತಕಾನ ಅರಬಿ ಗಂಟಿನ್ಯಾಗ ಇಡಿಸಿ, ಮುಕಾದಮನ ಫೋನ್ ನಂಬರ ಬರಕೋತಾರ. ಯಾಡಿಯ ನಂಬರ ಬದಲಾಗಬೌದು, ಮುಕಾದಮಂದು ಬದಲಾಗೂದಿಲ್ಲಂತ! (ಇಂಥಾ ಜಾಣತನ ಯಾವ ಟ್ರೇನಿಂಗದಾಗ ಹೇಳಿಕೊಡ್ತಾರ?)

ಕಾಯ್ದೆ ಐತ್ರಿ. 2009ರ ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಟಿಸಿ ತಡ ಆತಂತ ಸೇರಿಸಿಕೊಳ್ಳದ ಇರುವಂಗಿಲ್ಲ, ವಯಸ್ಸಿಗೆ ತಕ್ಕ ತರಗತಿ ಕೊಡಬೇಕು, ಹಿಂದ ಉಳದವರಿಗೆ ವಿಶೇಷ ತರಬೇತಿನೂ ಕೊಡಬೇಕು. ಚಲೋ ಮಾತು. ಆದ್ರ ಐದನೇತ್ತೇಕ ಕುಂದ್ರಿಸಿದ ಹುಡುಗಿ ಒತ್ತಕ್ಷರ ಬರದ ಅಳಾಕತ್ರ ಮುಂದೇನು? ಅದು ಅಕ್ಕೋರ ಕೈಯಾಗ.

ನನ್ನ ತಕರಾರು ಇಷ್ಟ. ಕೌನ್ಸೆಲಿಂಗ್ ಆಗಿ ಆ ಅಕ್ಕೋರು ಬ್ಯಾರೆ ಊರಿಗೆ ಹೋದ್ರ ಈ ತಿಳವಳಿಕಿನೂ ಅವರ ಬೆನ್ನ ಹತ್ತಿ ಹೊಕ್ಕೈತಿ. ಹೊಸಬರಿಗೆ ಹಾಜರಿ ಪುಸ್ತಕ, ಕಪಾಟಿನ ಕೀಲಿ ಕೊಡ್ತಾರ. ಯಾವ ಮಗು ಎಲ್ಲಿ ಹೋಗಿ ಬಂದೈತಿ, ಯಾವ ಭಾಷಾದಾಗ ನಗತೈತಿ ಅನ್ನೂದನ್ನ ಯಾರೂ ಕೊಡೂದಿಲ್ಲ. ಸೊಸಿ ಬಂದ್ರ ಯಾವ ಡಬ್ಬಿಯಾಗ ಏನೈತಿ ಅಂತ ನಾವು ತೋರಸೂದಿಲ್ಲೇನು? ಹೋಗೋ ಅಕ್ಕೋರು ಬರೋ ಅಕ್ಕೋರ ಜೋಡಿ ಒಂದು ದಿನ ಕುಂತು, ಒಂದು ನೋಟಬುಕ್ಕ ಬರದು ಕೊಡ್ಲಿ. ಇಲಾಖೆ ಆ ಒಂದು ದಿನಾನ ಕೆಲಸದ ದಿನಾ ಅಂತ ಹಿಡೀಲಿ.

ನಮ್ಮ ಪೈಕಿ ಎಸ್‌ಡಿಎಂಸಿಯಾಗ ಇರೋ ತಾಯಂದಿರು ಸಭಾದಾಗ ಈ ಮಾತು ತಗೀರಿ. ದೀಪಾವಳಿಗಿಂತ ಮೊದಲ ತಗೀರಿ. ಆಮ್ಯಾಲ ಕೇಳಾಕ ತಾಂಡಾದಾಗ ಮಂದಿ ಇರೂದಿಲ್ಲ.