ಏಣಿ, ತಂತಿ ಮತ್ತು ಹಣೆಬರಹ

ಕಾಫಿ ಕೊಯ್ಲು ಮುಗಿಯುತ್ತ ಬಂದು, ಕಾಳುಮೆಣಸಿನ ಏಣಿಗಳು ಕೊಟ್ಟಿಗೆಯಿಂದ ಹೊರಬೀಳುವ ದಿನಗಳು ಸಮೀಪಿಸಿವೆ. ಈ ಹೊತ್ತಿನಲ್ಲಿ ಧಾರಣೆ, ತೇವಾಂಶ, ಗೋಣಿಚೀಲಗಳ ಬಗ್ಗೆ ನಾಲ್ಕು ಮಾತು ಬರೆಯುವುದು ನಮ್ಮ ವಾಡಿಕೆ. ಈ ಸಲ ಅದನ್ನು ಬದಿಗಿರಿಸಿ, ಸದಸ್ಯ ಬಾಂಧವರಿಗೆ ಅಷ್ಟಾಗಿ ರುಚಿಸದ ಒಂದು ವಿಷಯವನ್ನು ಪ್ರಸ್ತಾಪಿಸಲು ಇಚ್ಛಿಸುತ್ತೇವೆ.

ಕಳೆದ ಹಂಗಾಮಿನಲ್ಲಿ ನಮ್ಮ ಸಂಘದ ವ್ಯಾಪ್ತಿಯ ತೋಟವೊಂದರಲ್ಲಿ ಮೆಣಸು ಕೊಯ್ಯುತ್ತಿದ್ದ ಕೆಲಸಗಾರನೊಬ್ಬನು ಅಲ್ಯೂಮಿನಿಯಂ ಏಣಿಯನ್ನು ನಿಂತ ಹಾಗೆಯೇ ಒಂದು ಸಿಲ್ವರ್ ಓಕ್ ಮರದಿಂದ ಇನ್ನೊಂದಕ್ಕೆ ಸಾಗಿಸುತ್ತಿರುವಾಗ, ಅದರ ತುದಿ ಮೇಲಿನ ವಿದ್ಯುತ್ ತಂತಿಗೆ ತಗುಲಿ ಸ್ಥಳದಲ್ಲಿಯೇ ಮೃತಪಟ್ಟನು. ವಯಸ್ಸು ಮೂವತ್ತು ದಾಟಿರಲಿಲ್ಲ. ಅಂದು ಮಧ್ಯಾಹ್ನ ನಾವು ಅವನ ಮನೆಗೆ ಹೋಗಿದ್ದೆವು. "ಅವನ ಆಯಸ್ಸು ಇದ್ದದ್ದೇ ಅಷ್ಟು ಅಯ್ಯಾ, ಏಣಿ ಒಂದು ನೆಪ" ಎಂದು ಅವನ ಅಣ್ಣ ಹೇಳಿದ. ತೋಟದ ಮಾಲೀಕರು ತಲೆಯಾಡಿಸಿದರು. ಸಾವಿನ ಮನೆಯ ಅಂಗಳದಲ್ಲಿ ನಿಂತು ವಾದ ಮಾಡುವುದು ಹೇಗೆ? ನಾವೂ ತಲೆಯಾಡಿಸಿದೆವು.

ಮುಂದಿನ ವಾರ ಪ್ರಶ್ನೆ ಕೇಳಿಸಿದ್ದಾಯಿತು. ತೋಟದ ಚೌಡಿಗೆ ಹರಕೆ ಬಾಕಿ ಉಳಿದಿದೆ ಎಂದು ಬಂತಂತೆ, ಅದನ್ನೂ ಒಪ್ಪಿಸಿದರು. ವರ್ಷಕ್ಕೊಮ್ಮೆ ಚೌಡಿಯ ಬನಕ್ಕೆ ಹಣ್ಣುಕಾಯಿ ಒಯ್ಯುವವರಲ್ಲಿ ನಾವೂ ಒಬ್ಬರು, ಆದ್ದರಿಂದ ಪೂಜೆಯನ್ನು ಹಗುರವಾಗಿ ಕಾಣುವ ಉದ್ದೇಶ ನಮಗಿಲ್ಲ. ಆದರೆ ಹರಕೆ ಒಪ್ಪಿಸಿದ ಮೂರನೆಯ ದಿನ ನಾವು ಆ ದಾರಿಯಾಗಿ ಹೋಗುವಾಗ ಕಂಡದ್ದು ಅದೇ ಏಣಿ, ಅದೇ ಸಾಲು, ಅದೇ ತಂತಿ. ಏಣಿ ಹಿಡಿದವನು ಮಾತ್ರ ಬೇರೆ.

ನಮ್ಮ ತಕರಾರು ಇರುವುದು ಇಲ್ಲಿ. ಸಾವನ್ನು ಹಣೆಬರಹಕ್ಕೆ ಬಿಟ್ಟೊಡನೆ ಏಣಿಯ ವಿಚಾರಣೆ ನಿಂತುಹೋಗುತ್ತದೆ.

ತಂತಿಯ ಬಗ್ಗೆ ನಮ್ಮ ತೋಟಗಳಲ್ಲಿ ಬಳಕೆಯಲ್ಲಿರುವ ನಂಬಿಕೆಗಳನ್ನು ಕೇಳಿದರೆ ಭಯವಾಗುತ್ತದೆ. ಪಂಪಿನ ಮೋಟಾರು ಓಡದ ಹೊತ್ತಿನಲ್ಲಿ ತಂತಿ ಸತ್ತಿರುತ್ತದೆ ಎಂಬುದು ಒಂದು. ಮೋಟಾರು ನಿಂತಿರುವುದಕ್ಕೆ ಹತ್ತು ಕಾರಣಗಳಿರಬಹುದು. ಟ್ರಾನ್ಸ್‌ಫಾರ್ಮರಿಗೆ ಬರುವ ತಂತಿಯಲ್ಲಿ ಆಗಲೂ 11,000 ವೋಲ್ಟ್ ಹರಿಯುತ್ತಿರಬಹುದು. ನಮ್ಮ ಮನೆಯ ದೀಪಕ್ಕೆ ಬರುವುದು 230 ವೋಲ್ಟ್ ಎಂಬುದನ್ನು ನೆನೆದರೆ ವ್ಯತ್ಯಾಸ ತಿಳಿದೀತು. ರಬ್ಬರ್ ಬೂಟು ಹಾಕಿಕೊಂಡರೆ ಏನೂ ಆಗದು ಎಂಬುದು ಇನ್ನೊಂದು. ಕೆಸರು ಮೆತ್ತಿದ, ಹಳೆಯದಾದ ಬೂಟನ್ನು ನಂಬಿ ಅಷ್ಟು ಒತ್ತಡದ ಎದುರು ನಿಲ್ಲುವುದು ಸಲ್ಲ. ತಂತಿಯನ್ನು ಮುಟ್ಟಿದರೆ ಮಾತ್ರ ಅಪಾಯ ಎಂಬ ಮಾತೂ ಇದೆ. ಈ ಒತ್ತಡದಲ್ಲಿ ಲೋಹದ ತುದಿ ತೀರಾ ಸಮೀಪಕ್ಕೆ ಹೋದರೂ ವಿದ್ಯುತ್ ಹಾರಿಬರಬಲ್ಲದು. ಬಿದಿರಿನ ಏಣಿಯಾದರೆ ಚಿಂತೆಯಿಲ್ಲ ಎನ್ನುವವರಿಗೆ, ಹಸಿ ಬಿದಿರು ಮತ್ತು ಇಬ್ಬನಿಯಲ್ಲಿ ನೆನೆದ ಬಿದಿರು ಕೂಡ ವಿದ್ಯುತ್ತನ್ನು ಒಯ್ಯುತ್ತದೆ ಎಂದು ತಿಳಿಸಬಯಸುತ್ತೇವೆ.

ಅಡಿಕೆ ಬೆಳೆಗಾರ ಮಿತ್ರರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುಗಿಸಬಾರದು. ಮರ ಹತ್ತುವ ಕೊನೆಗೌಡರು ಸಿಗದ ಈ ಕಾಲದಲ್ಲಿ, ನೆಲದ ಮೇಲೆ ನಿಂತೇ ಕೊನೆ ಕೊಯ್ಯಲು ಮತ್ತು ಔಷಧಿ ಹೊಡೆಯಲು ಕಾರ್ಬನ್ ಫೈಬರ್ ದೋಟಿಗಳು ಬಂದಿವೆ. ಬಹಳ ಒಳ್ಳೆಯದೇ ಆಯಿತು. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು ಊರೂರಿಗೂ ಇದ್ದಾರೆ. ಆದರೆ "ಇದು ಕಬ್ಬಿಣವಲ್ಲ, ಫೈಬರ್, ಕರೆಂಟು ಹೊಡೆಯುವುದಿಲ್ಲ" ಎಂದು ಸದಸ್ಯರೊಬ್ಬರು ನಮ್ಮ ಕಚೇರಿಯಲ್ಲಿಯೇ ಹೇಳಿದಾಗ ನಾವು ಬೆಚ್ಚಿಬಿದ್ದೆವು. ಕಾರ್ಬನ್ ವಿದ್ಯುತ್ತನ್ನು ಒಯ್ಯುತ್ತದೆ. ಗಾಜಿನ ನಾರಿನಿಂದ ಮಾಡಿದ ಫೈಬರ್ ಗ್ಲಾಸ್ ಬೇರೆ, ಇದು ಬೇರೆ. ಹೆಸರಿನಲ್ಲಿ ಫೈಬರ್ ಇದೆಯೆಂದು ಎರಡನ್ನೂ ಒಂದಾಗಿಸಿದರೆ ಪ್ರಾಣಕ್ಕೆ ಎರವಾದೀತು.

ಮೃತನ ಹೆಂಡತಿ ಕೆಲವು ಕಾಗದಗಳಿಗಾಗಿ ನಮ್ಮ ಕಚೇರಿಗೆ ಬಂದಿದ್ದಾಗ ಕೇಳಿದಳು: "ಏಣಿ ಮಲಗಿಸಿಕೊಂಡು ಒಯ್ಯಿ ಅಂತ ಅವರಿಗೆ ಯಾರೂ ಹೇಳಿರಲಿಲ್ವಾ ಅಯ್ಯಾ?" ಹೇಳಿದ್ದರು. ಮಾಲೀಕರು ಹೇಳಿದ್ದರು, ಮೇಸ್ತ್ರಿಯೂ ಹೇಳಿದ್ದ. ಆದರೆ ಕೂಲಿ ಕಿಲೋ ಲೆಕ್ಕದ್ದು. ಮೂವತ್ತು ಅಡಿಯ ಏಣಿಯನ್ನು ಇಳಿಸಿ, ಮಲಗಿಸಿ, ಇಬ್ಬರು ಹೊತ್ತು, ಮತ್ತೆ ಎತ್ತಿ ನಿಲ್ಲಿಸಬೇಕಾದರೆ ಮರವೊಂದಕ್ಕೆ ನಾಲ್ಕೈದು ನಿಮಿಷ ಬೇಕು. ದಿನದ ಕೊನೆಗೆ ಅಷ್ಟು ಮೆಣಸು ಕಡಿಮೆ. ಬಾಯಲ್ಲಿ ಜೋಪಾನವೆಂದು ಹೇಳಿ, ತಕ್ಕಡಿಯಲ್ಲಿ ಅವಸರಪಡಿಸುವವರು ನಾವೇ. ಕೆಲಸಗಾರರು ಅಜಾಗರೂಕರು, ಎಷ್ಟು ಹೇಳಿದರೂ ಕೇಳುವುದಿಲ್ಲ ಎಂದು ಸಭೆಗಳಲ್ಲಿ ಗೊಣಗುವ ಸದಸ್ಯರು ಈ ಲೆಕ್ಕವನ್ನು ಒಮ್ಮೆ ತಾವೇ ಹಾಕಿ ನೋಡಬೇಕು. ನಮ್ಮ ತೋಟದಲ್ಲಿಯೂ ಕಳೆದ ವರ್ಷದವರೆಗೆ ಕಿಲೋ ಲೆಕ್ಕವೇ ಇತ್ತು. ಈ ವರ್ಷ ತಂತಿ ಹಾದುಹೋಗುವ ಸಾಲುಗಳಿಗೆ ಮಾತ್ರ ದಿನಗೂಲಿ ಎಂದು ಗೊತ್ತುಮಾಡಿದ್ದೇವೆ. ಖರ್ಚು ಸ್ವಲ್ಪ ಹೆಚ್ಚಾಗುತ್ತದೆ, ಮುಚ್ಚಿಡುವುದೇಕೆ.

ನಂಬಿಕೆಯ ಮಾತು ಬಂದಾಗ ಓದಿದವರು ಓದದವರತ್ತ ಬೆರಳು ತೋರಿಸುವುದು ರೂಢಿ. ನಾವು ಪದವೀಧರರು. ಆದರೂ ಎಂಟು ವರ್ಷಗಳ ಹಿಂದೆ ನಮ್ಮ ಲೈನಿನ ಹೆಂಗಸೊಬ್ಬಳಿಗೆ ದರಗು ಗುಡಿಸುವಾಗ ಕೊಳಕುಮಂಡಲ ಕೈಬೆರಳಿಗೆ ಕಚ್ಚಿದಾಗ, ಮನೆಯ ಹಿರಿಯರ ಮಾತಿಗೆ ಕಟ್ಟುಬಿದ್ದು ಮೊದಲು ಜೀಪು ತಿರುಗಿಸಿದ್ದು ಮಂತ್ರ ಹಾಕುವವರ ಮನೆಗೆ. ಮಣಿಕಟ್ಟಿಗೆ ಹಗ್ಗ ಬಿಗಿದಿತ್ತು. ಎರಡು ಗಂಟೆ ಕಳೆದ ಮೇಲೆ ಆಸ್ಪತ್ರೆ ಸೇರಿದೆವು. ಜೀವ ಉಳಿಯಿತು, ಎರಡು ಬೆರಳು ಉಳಿಯಲಿಲ್ಲ. ವಿಷವೂ ಕಾರಣ, ಬಿಗಿದ ಹಗ್ಗವೂ ಕಾರಣ ಎಂದರು ವೈದ್ಯರು. ಆಕೆ ಈಗಲೂ ನಮ್ಮಲ್ಲಿಯೇ ಕಾಫಿ ಬೀಜ ಆರಿಸುತ್ತಾಳೆ.

ಮಂತ್ರದಿಂದ ಬದುಕಿದವರಿಲ್ಲವೇ ಎಂದು ಕೇಳುವವರಿದ್ದಾರೆ. ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ತೋಟಗಳಲ್ಲಿ ಓಡಾಡುವ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ವಿಷದ ಹಾವು ಸಹ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ಅಂಥವರು ಮಂತ್ರವಿಲ್ಲದೆಯೂ ಬದುಕುತ್ತಿದ್ದರು. ಬದುಕಿದವನು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ. ಸತ್ತವನು ಬಂದು ಸಾಕ್ಷಿ ಹೇಳುವುದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿತದಿಂದ ವರ್ಷಕ್ಕೆ ಸರಾಸರಿ 58,000 ಮಂದಿ ಸತ್ತಿದ್ದಾರೆಂದು ಅಂದಾಜು. ನಮ್ಮ ರಾಜ್ಯದಲ್ಲಿ 2024ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕೆಂದು ಸರ್ಕಾರ ಘೋಷಿಸಿದೆ. ನಾವು ಮಾಡಬೇಕಾದುದಿಷ್ಟೆ: ಕೊಯ್ಯದೆ, ಹೀರದೆ, ಹಗ್ಗ ಬಿಗಿಯದೆ, ಕಚ್ಚಿದ ಭಾಗವನ್ನು ಅಲುಗಾಡಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯುವುದು. ಹಿರಿಯರ ಸಮಾಧಾನಕ್ಕೆ ಮಂತ್ರ ಹಾಕಿಸಲೇಬೇಕೆಂದರೆ, ಅವರನ್ನೂ ಜೀಪಿನಲ್ಲಿ ಕೂರಿಸಿಕೊಂಡರಾಯಿತು.

ದರಗಿನ ಮಾತು ಬಂದಿದ್ದರಿಂದ ಮಂಗನ ಕಾಯಿಲೆಯ ಬಗ್ಗೆಯೂ ಒಂದು ಮಾತು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗ ಹರಡುವುದು ಉಣುಗುಗಳಿಂದ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಲಾಯಿತು. ಕಾಡಿನಲ್ಲಿ ಮಂಗ ಸತ್ತುಬಿದ್ದರೆ ಹನುಮಂತನೆಂದು ಭಕ್ತಿಯಿಂದ ಹೊತ್ತು ತಂದು ಸಂಸ್ಕಾರ ಮಾಡುವುದು ನಮ್ಮಲ್ಲಿ ಹಲವೆಡೆ ಪದ್ಧತಿ. ಸತ್ತ ಮಂಗನ ಮೈಯಿಂದ ಇಳಿಯುವ ಉಣುಗುಗಳು ಹೊತ್ತವರ ಮೈಯನ್ನೇ ಹತ್ತುತ್ತವೆ. ಮುಟ್ಟದೆ, ದೂರದಿಂದ ಕೈಮುಗಿದು, ಕೂಡಲೇ ಆರೋಗ್ಯ ಕೇಂದ್ರಕ್ಕೆ ತಿಳಿಸತಕ್ಕದ್ದು. ಸುದ್ದಿ ಹೊರಗೆ ಹೋದರೆ ಕೆಲಸಕ್ಕೆ ಜನ ಬರುವುದಿಲ್ಲವೆಂದು ಮುಚ್ಚಿಟ್ಟ ಮಾಲೀಕರೂ ಇದ್ದಾರೆ, ಅದು ಬೇರೆ ಮಾತು.

ಇನ್ನು ಏಣಿಯ ವ್ಯವಸ್ಥೆ. ಸಂಘದಿಂದ ಮೂರು ಫೈಬರ್ ಗ್ಲಾಸ್ ಏಣಿಗಳನ್ನು ತರಿಸಲಾಗಿದ್ದು, ತಂತಿಯ ಸಮೀಪದ ಸಾಲುಗಳಿಗೆ ಸರದಿಯಂತೆ ಬಾಡಿಗೆಯಿಲ್ಲದೆ ಕೊಡಲಾಗುವುದು. ಏಣಿ ಫೈಬರ್ ಗ್ಲಾಸಿನದೆಂದು ತಂತಿಯ ಹತ್ತಿರ ಹೋಗತಕ್ಕದ್ದಲ್ಲ. ಒದ್ದೆಯಾದರೆ ಅದನ್ನೂ ನಂಬುವಂತಿಲ್ಲ. ತೋಟದೊಳಗೆ ತಂತಿ ಹಾದುಹೋಗಿರುವ ಅಥವಾ ಜೋತುಬಿದ್ದಿರುವ ಸದಸ್ಯರು ಸರ್ವೆ ನಂಬರು, ಕೊಯ್ಲಿನ ದಿನ ಇವಿಷ್ಟನ್ನು ಬರೆದು ಜನವರಿ 20ರೊಳಗೆ ನಮ್ಮ ಗುಮಾಸ್ತರಲ್ಲಿ ಕೊಡಬೇಕು. ಕೊಯ್ಲಿನ ಹೊತ್ತಿನಲ್ಲಿ ವಿದ್ಯುತ್ ನಿಲುಗಡೆ ಮಾಡಿಸಲು ಎಲ್ಲರ ಪರವಾಗಿ ಒಂದೇ ಅರ್ಜಿ ಕೊಡುವುದೆಂದು ಆಡಳಿತ ಮಂಡಳಿ ತೀರ್ಮಾನಿಸಿದೆ. ಕಳೆದ ವರ್ಷ ಇಂಥದೇ ಅರ್ಜಿ ಸಿದ್ಧಪಡಿಸಿದ್ದೆವು. ಬಂದದ್ದು ನಾಲ್ಕು ಹೆಸರು. ಸಾವು ಸಂಭವಿಸಿದ ತೋಟದ ಹೆಸರು ಅದರಲ್ಲಿರಲಿಲ್ಲ. ನಮ್ಮ ತೋಟದ್ದೂ ಇರಲಿಲ್ಲ.