ಕರ್ಬಲಾ ಸಿಂಹಾಸನದ ಜಗಳವಲ್ಲ

ಕರ್ಬಲಾ ಬರೀ ಅಧಿಕಾರದ ಕಾದಾಟ, ಸಕಲೇಶಪುರ–ಆಲೂರಿನ ಗುಡ್ಡದ ಜನರಿಗೆ ಅದರಿಂದ ಆಗಬೇಕಾದ್ದೇನೂ ಇಲ್ಲ ಎಂಬ ಪ್ರಕಟಿತ ಅಭಿಪ್ರಾಯವನ್ನು ನಾನು ಒಪ್ಪಲಾರೆ.

ಪಟ್ಟಕ್ಕಾಗಿ ಹೊರಟವನು ಹೆಂಗಸರನ್ನೂ ಹಸುಗೂಸನ್ನೂ ಕರೆದೊಯ್ಯುತ್ತಾನೆಯೇ? ಕ್ರಿ.ಶ. 680ರ ಅಕ್ಟೋಬರ್ 10ರಂದು ಕರ್ಬಲಾದಲ್ಲಿ ಪ್ರವಾದಿ ಮುಹಮ್ಮದರ ಮೊಮ್ಮಗ ಹುಸೇನರ ಕಡೆ ಕಾದಿದವರು, ಪರಂಪರೆಯ ಲೆಕ್ಕದಲ್ಲಿ, 72 ಮಂದಿ. ಎದುರಿಗೆ ಸಾವಿರಾರು ಸೈನಿಕರು. ಖಲೀಫ ಯಜೀದನಿಗೆ ನಿಷ್ಠೆಯ ಪ್ರಮಾಣ ಮಾಡಿದ್ದರೆ ಜೀವ ಉಳಿಯುತ್ತಿತ್ತು. ಮಾಡಲಿಲ್ಲ. ಹಿಂದಿನ ರಾತ್ರಿಯೇ ಅವರು ಸಂಗಡಿಗರಿಗೆ, ಕತ್ತಲಲ್ಲಿ ಹೊರಟುಹೋಗಿ, ನಿಮಗೆ ಯಾವ ಋಣವೂ ಇಲ್ಲ ಎಂದಿದ್ದರು. ಶತ್ರುಪಡೆಯ ನಾಯಕರಲ್ಲೊಬ್ಬನಾದ ಹುರ್ರ್ ಬೆಳಗ್ಗೆ ಇತ್ತ ಬಂದು ಸೇರಿ ಪ್ರಾಣ ಕೊಟ್ಟ. ಗೆಲ್ಲುವ ಪಕ್ಷ ಬಿಟ್ಟು ಸೋಲುವ ಪಕ್ಷಕ್ಕೆ ಬಂದವನ ಬಗ್ಗೆ ಆ ಲೇಖನದಲ್ಲಿ ಒಂದು ಮಾತಿಲ್ಲ!

ಯೂಫ್ರೆಟಿಸ್ ಪಕ್ಕದಲ್ಲೇ ಹರಿಯುತ್ತಿದ್ದರೂ ಯಜೀದನ ಸೈನಿಕರು ಮಕ್ಕಳಿಗೆ ನೀರು ತಡೆದರು. ಹೇಮಾವತಿ ದಂಡೆಯವರಿಗೆ ಈ ಕ್ರೌರ್ಯ ಅರ್ಥವಾಗದೆ?

ಇನ್ನು ನಂಟಿನ ಮಾತು. ಹಳೇ ಮೈಸೂರು ಸೀಮೆಯಲ್ಲಿ ಕರ್ಬಲಾದ ನೆನಪಿನ ಮೊಹರಂ ಎಂದರೆ ಬಾಬಯ್ಯನ ಹಬ್ಬ. ಮುದಗಲ್ಲಿನಲ್ಲಿ ಮೊಹರಂನ ಲಾಂಛನಗಳಾದ ಆಲಂಗಳಿಗೆ ಹಿಂದೂಗಳೂ ಹರಕೆ ಹೊರುತ್ತಾರೆ. ಉತ್ತರ ಕರ್ನಾಟಕದ ಹೆಜ್ಜೆಮೇಳಗಳಲ್ಲಿ ಹಾಡುವ ಮೊಹರಂ ಹಾಡುಗಳಾದ ರಿವಾಯತ್ ಪದಗಳು ಅಪ್ಪಟ ಕನ್ನಡದವು. ಹುಸೇನರ ಸಾವಿಗೆ ಅವು ಅಳುವುದೂ ಕನ್ನಡದಲ್ಲೇ.